ಕಾಲಿಡದೆ ಕಂಡ ದ್ವೀಪ

ಮುಂದಿನ ಸಲ ನೆಲ್ಲಿಕಾಯಿಯ ವಿಚಾರವಾಗಿ ಬರೆಯುವೆನೆಂದು ಕಳೆದ ತಿಂಗಳು ವಾಚಕರಿಗೆ ಮಾತು ಕೊಟ್ಟಿದ್ದೆ. ನೆಲ್ಲಿಕಾಯಿ ಭರಣಿಯಲ್ಲಿ ಭದ್ರವಾಗಿದೆ. ಅದು ಒಂದು ತಿಂಗಳಿಗೆ ಕೆಡುವ ಪದಾರ್ಥವಲ್ಲ. ನಾನೀಗ ಹೇಳಹೊರಟಿರುವ ಸಂಗತಿಯಾದರೋ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದು ಮುಗಿಸತಕ್ಕುದು. ಆದಕಾರಣ ವಾಚಕರು ಮನ್ನಿಸಬೇಕು. ಈ ತಿಂಗಳು ಅಡುಗೆಯ ಮನೆಯ ಬಾಗಿಲನ್ನು ಮುಂದೆ ಮಾಡಿಕೊಂಡು ಸಮುದ್ರಕ್ಕೆ ಹೋಗಿಬರೋಣ.

ಲಕ್ಷ್ಮೀಪುರದ ನಮ್ಮ ಮನೆಯ ಹಜಾರದಲ್ಲಿ ಗೋಡೆಯ ಗೂಡೊಂದುಂಟು. ಅದರಲ್ಲಿ ಒಂದು ಶಂಖ, ಚನ್ನಪಟ್ಟಣದ ಎರಡು ಬೊಂಬೆ, ಮತ್ತು ನಮ್ಮ ಮಾವನವರು ಅರುವತ್ತು ವರ್ಷಕ್ಕೂ ಹಿಂದೆ ರಾಮೇಶ್ವರದ ಯಾತ್ರೆಯಿಂದ ತಂದ ಬಿಳಿಯ ಕಲ್ಲಿನ ತುಂಡು ಇವೆ. ಕಲ್ಲು ಎಂದು ಹೇಳುವುದು ವಾಡಿಕೆ. ಅದು ಸಮುದ್ರದ ಹವಳ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ವರ್ಷಕ್ಕೊಮ್ಮೆ, ನವರಾತ್ರಿಯ ಮುಂಚೆ, ಅದರ ಧೂಳನ್ನು ಒರೆಸುತ್ತ ಬಂದಿದ್ದೇನೆ. ಅದು ಒಂದು ಕಾಲಕ್ಕೆ ಜೀವವಿದ್ದ ವಸ್ತುವೆಂಬ ಆಲೋಚನೆ ಒಂದು ಸಲವಾದರೂ ನನಗೆ ಬಂದಿತ್ತೆ ಎಂದು ಕೇಳಿದರೆ, ಇಲ್ಲವೆಂದೇ ಒಪ್ಪಿಕೊಳ್ಳಬೇಕು.

ನನ್ನ ತಮ್ಮನ ಮಗ ಹಾಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ತಂಗಿ ಇಲ್ಲಿಯೇ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ; ಅವರ ತಂದೆ ತಾಯಿ ಪುಣೆಯಲ್ಲಿದ್ದಾರೆ. ಈ ಡಿಸೆಂಬರಿನಲ್ಲಿ ರಜೆಗೆಂದು ಬಂದ ಹುಡುಗ, ಬರುವ ಮುಂಚೆ ತಾನು ನೋಡಿ ಬಂದಿದ್ದ ಒಂದು ದ್ವೀಪದ ಚಿತ್ರಗಳನ್ನು ನಮಗೆಲ್ಲ ತೋರಿಸಿದನು. ಅದರ ಹೆಸರು ಸಾಬಾ. ಕೆರಿಬಿಯನ್ ಸಮುದ್ರದಲ್ಲಿದೆ; 2010ರಿಂದ ಹಾಲೆಂಡಿನ ವಿಶೇಷ ಪುರಸಭೆಯೆಂಬ ಪದವಿ ಅದಕ್ಕೆ ಬಂದಿದೆ. ಎಲ್ಲ ಸೇರಿ 13 ಚದರ ಕಿಲೋಮೀಟರು ನೆಲ, ಎರಡು ಸಾವಿರದಷ್ಟು ಜನ. ಸಮುದ್ರದಿಂದ ನೇರವಾಗಿ ಮೇಲೆದ್ದ ಒಂದು ಜ್ವಾಲಾಮುಖಿಯ ಪರ್ವತವೇ ಆ ದ್ವೀಪ. ಹೇಳಿಕೊಳ್ಳುವಂತಹ ಮರಳುದಂಡೆಯಿಲ್ಲ. ಹಿಂದಿನ ಕಾಲದಲ್ಲಿ ದೋಣಿಯಿಂದ ಇಳಿದವರು ಬಂಡೆಯಲ್ಲಿ ಕಡಿದ 800 ಮೆಟ್ಟಿಲುಗಳನ್ನು ಹತ್ತಿ ಊರು ಸೇರಬೇಕಾಗಿತ್ತು. ಅಕ್ಕಿಯ ಮೂಟೆ ಮೊದಲ್ಗೊಂಡು ಮನೆಯ ಪೀಠೋಪಕರಣದವರೆಗೆ ಯಾವತ್ತೂ ತಲೆಯ ಮೇಲೆಯೇ. ಅಲ್ಲಿ ರಸ್ತೆ ಸಾಧ್ಯವಿಲ್ಲವೆಂದು ಹೊರಗಿನ ಇಂಜಿನಿಯರುಗಳು ಕೈಚೆಲ್ಲಿದ ಮೇಲೆ, ಊರಿನವನೇ ಒಬ್ಬನು ಅಂಚೆಯ ಮೂಲಕ ಪಾಠ ಕಲಿತು, ಜನರನ್ನು ಕೂಡಿಸಿಕೊಂಡು 1938ರಲ್ಲಿ ಕೆಲಸ ಆರಂಭಿಸಿ ರಸ್ತೆಯನ್ನು ಮಾಡಿಯೇ ತೋರಿಸಿದನಂತೆ. ಅವನ ಹೆಸರು ಹಾಸೆಲ್. ಗಂಡಸರು ಹಡಗಿನ ಕೆಲಸಕ್ಕೆ ಹೋಗಿಬಿಡುತ್ತಿದ್ದ ಆ ಊರಿನಲ್ಲಿ ಹೆಂಗಸರು ಸೂಜಿಯಿಂದ ನವುರಾದ ದಾರದ ಜಾಲರಿಯನ್ನು ಹೆಣೆದು, ಅಂಚೆಯಲ್ಲಿ ಪರದೇಶಗಳಿಗೆ ಕಳುಹಿಸಿ ಸಂಸಾರ ನಡೆಸುತ್ತಿದ್ದರು. ಈ ಕಸೂತಿಯ ಮಾತನ್ನು ಕೇಳಿದ ಮೇಲೆ ನನಗೆ ಆ ದ್ವೀಪದ ಮೇಲೆ ಗೌರವ ಹುಟ್ಟಿತೆಂದು ಹೇಳಲು ಸಂಕೋಚವಿಲ್ಲ.

ಆದರೆ ಹುಡುಗ ಅಲ್ಲಿಗೆ ಹೋದದ್ದು ಕಸೂತಿಗಾಗಲಿ ರಸ್ತೆಗಾಗಲಿ ಅಲ್ಲ. ನೀರಿನೊಳಗೆ ಮುಳುಗಿ ಹವಳದ ತೋಟಗಳನ್ನು ನೋಡುವುದಕ್ಕಾಗಿ ಜನ ಅಲ್ಲಿಗೆ ಹೋಗುತ್ತಾರೆ. 1987ರಲ್ಲಿಯೇ ದ್ವೀಪದ ಸುತ್ತಲ ಸಮುದ್ರವನ್ನೆಲ್ಲ 60 ಮೀಟರು ಆಳದವರೆಗೆ ರಕ್ಷಿತ ಉದ್ಯಾನವೆಂದು ಸಾರಿದ್ದಾರೆ. ಮುಳುಗುವವರ ದೋಣಿಗಳು ಕಂಡಕಂಡಲ್ಲಿ ಲಂಗರು ಎಸೆಯುವಂತಿಲ್ಲ. ನೀರಿನ ಮೇಲೆ ತೇಲುವ ಬುಂಡೆಗಳಿಗೇ ಹಗ್ಗ ಕಟ್ಟಬೇಕು. ಮುಳುಗುವವನು ಪ್ರತಿ ಸಲಕ್ಕೂ ಇಷ್ಟೆಂದು ಕಾಣಿಕೆ ತೆರಬೇಕು. ಆ ಹಣದಿಂದಲೇ ಉದ್ಯಾನದ ಕಾವಲು ನಡೆಯುತ್ತದೆ.

ಈ ಸಂಭಾಷಣೆಯ ವೇಳೆಗೆ ಸರಿಯಾಗಿ, ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ಹೊನ್ನಾವರದ ಕಡೆಯ ಗೃಹಿಣಿಯೊಬ್ಬರು ಅರಿಸಿನ ಕುಂಕುಮಕ್ಕೆ ಕರೆಯಲು ಬಂದಿದ್ದರು. ಅವರು ಚಿತ್ರವನ್ನು ನೋಡಿ, "ಇದೇನು, ನಮ್ಮ ನೇತ್ರಾಣಿ ಗುಡ್ಡದ ಹಾಗೇ ಇದೆಯಲ್ಲ!" ಎಂದುಬಿಟ್ಟರು. ಹುಡುಗಿ ಒಡನೆಯೇ ಎದ್ದು ಕುಳಿತಳು. 2022ರಲ್ಲಿ ತೆರೆಗೆ ಬಂದ 'ಗಂಧದಗುಡಿ' ಚಿತ್ರದಲ್ಲಿ ದಿವಂಗತ ಪುನೀತ್ ರಾಜ್‌ಕುಮಾರರು ನೇತ್ರಾಣಿಯ ನೀರಿಗೆ ಇಳಿದುದನ್ನು ಕಂಡಂದಿನಿಂದ ತಾನೂ ಇಳಿಯಬೇಕೆಂಬ ಹಂಬಲ ಅವಳ ಮನಸ್ಸಿನಲ್ಲಿತ್ತಂತೆ. ಅಣ್ಣನು ಜೊತೆಗಿರುವಾಗ ಹೋಗದಿದ್ದರೆ ಇನ್ನಾವಾಗ? ಪುಣೆಗೆ ದೂರವಾಣಿ ಮಾತಾಯಿತು. "ಅತ್ತೆ ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ" ಎಂದು ನನ್ನ ತಮ್ಮ ಜಾಣತನದಿಂದ ಭಾರವನ್ನು ನನ್ನ ತಲೆಯ ಮೇಲೆ ಇಟ್ಟನು. ನಾನೂ ಬರುವುದಾದರೆ ಮಾತ್ರ ಎಂದು ನಾನೊಂದು ನಿಬಂಧನೆ ಹಾಕಿದೆ. ನಾನು ಬರುವುದಾದ ಮೇಲೆ ನಮ್ಮ ಯಜಮಾನರನ್ನು ಮನೆಯಲ್ಲಿ ಬಿಡುವುದು ಹೇಗೆ? ಅಂತೂ ನಾಲ್ವರೂ ಒಂದು ರಾತ್ರಿ ಮೈಸೂರಿನಲ್ಲಿ ರೈಲು ಹತ್ತಿ, ಸಕಲೇಶಪುರದ ಘಟ್ಟವನ್ನು ನಿದ್ರೆಯಲ್ಲಿ ಇಳಿದು, ಮಂಗಳೂರಿನಲ್ಲಿ ಕಾಫಿ ಕುಡಿದು, ಮರುದಿನ ಮಧ್ಯಾಹ್ನಕ್ಕೆ ಮುರುಡೇಶ್ವರವನ್ನು ಸೇರಿದೆವು.

ಮುರುಡೇಶ್ವರವನ್ನು ನೋಡದ ವಾಚಕರು ವಿರಳ. 123 ಅಡಿಯ ಶಿವನ ವಿಗ್ರಹ, 20 ಅಂತಸ್ತಿನ ಗೋಪುರ, ರಾವಣನ ಆತ್ಮಲಿಂಗದ ಕಥೆ, ಇವುಗಳನ್ನು ಮತ್ತೆ ವರ್ಣಿಸಲಾರೆ. ದೇವರ ದರ್ಶನವಾದ ಮೇಲೆ ಗುಡ್ಡದ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದೆವು. ದೂರದ ನೀರಿನಲ್ಲಿ ಒಂದು ಮಸುಕಾದ ಗುಡ್ಡ, ಯಾರೋ ಹೊಗೆಯಲ್ಲಿ ಬರೆದಂತೆ, ಕಾಣಿಸಿಯೂ ಕಾಣಿಸದಂತೆ ಇತ್ತು. ಅದೇ ನೇತ್ರಾಣಿ. ದಡದಿಂದ 19 ಕಿಲೋಮೀಟರು; ಹಳೆಯ ಲೆಕ್ಕದಲ್ಲಿ ಹೇಳುವುದಾದರೆ 12 ಮೈಲಿ. ಇಂಗ್ಲಿಷರು ಅದನ್ನು ಪಾರಿವಾಳದ ದ್ವೀಪವೆಂದು ಕರೆದರು. ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಯನ್ನೂ ಕರಾವಳಿಯನ್ನೂ ಸುತ್ತಿ ಎಲ್ಲವನ್ನೂ ಬರೆದಿಟ್ಟ ವೈದ್ಯ ಫ್ರಾನ್ಸಿಸ್ ಬುಕಾನನ್ನನು 1801ರಲ್ಲಿ ಈ ದಾರಿಯಾಗಿ ಹೋದಾಗ, ದೋಣಿಗಳವರು ಅಲ್ಲಿಂದ ಕಾಡುಪಾರಿವಾಳಗಳನ್ನೂ, ಸುಣ್ಣ ಸುಡುವುದಕ್ಕಾಗಿ ಹವಳವನ್ನೂ ತರುತ್ತಿದ್ದರೆಂಬುದನ್ನು ಬರೆದುಕೊಂಡಿದ್ದಾನೆ. ಆ ಸುಣ್ಣ ಯಾರ ಮನೆಯ ಗೋಡೆಗೆ ಹೋಯಿತೋ, ಯಾರ ವೀಳ್ಯದೆಲೆಗೆ ಹೋಯಿತೋ!

ಸಂಜೆಗೆ, ಮುಳುಗುವುದನ್ನು ಕಲಿಸುವವರ ಕಚೇರಿಗೆ ಹೋದೆವು. ಅಲ್ಲಿಯ ಉಪಾಧ್ಯಾಯರು ಚಿಕ್ಕ ವಯಸ್ಸಿನವರು. ಆದರೆ ಮಾತಿನಲ್ಲಿ ನಿಧಾನ. ಈಜು ಬಾರದವರೂ ಇಳಿಯಬಹುದು, ಒಬ್ಬೊಬ್ಬರ ಜೊತೆಗೂ ಒಬ್ಬ ಶಿಕ್ಷಕನಿರುತ್ತಾನೆ ಎಂದು ಧೈರ್ಯ ಹೇಳಿ, ಒಂದು ಲೋಟವನ್ನು ಬಾಲ್ದಿಯ ನೀರಿನಲ್ಲಿ ಬೋರಲು ಹಿಡಿದು ಪಾಠವನ್ನು ಆರಂಭಿಸಿದರು. ಲೋಟದೊಳಗಿನ ಗಾಳಿಯೇ ನಮ್ಮ ಪುಪ್ಪುಸದ ಗಾಳಿ ಎಂದುಕೊಳ್ಳಿ. ಹತ್ತು ಮೀಟರು ಆಳಕ್ಕೆ ಹೋದರೆ ನೀರಿನ ಒತ್ತಡವು ನೆಲದ ಮೇಲಿನದಕ್ಕಿಂತ ಇಮ್ಮಡಿಯಾಗುತ್ತದೆ. ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅಲ್ಲಿ ಸಿಲಿಂಡರಿನಿಂದ ತುಂಬ ಉಸಿರೆಳೆದುಕೊಂಡು, ಬಾಯಿ ಮುಚ್ಚಿ ಮೇಲಕ್ಕೆ ಬಂದರೆ, ಬರುಬರುತ್ತ ಆ ಗಾಳಿ ಇಮ್ಮಡಿ ಹಿಗ್ಗುತ್ತದೆ. ಹೊರಬರಲು ದಾರಿ ಸಿಕ್ಕದ ಗಾಳಿ ಪುಪ್ಪುಸವನ್ನು ಹರಿದು ರಕ್ತದಲ್ಲಿ ಸೇರಿದರೆ ಪ್ರಾಣಾಪಾಯ. ಆದಕಾರಣ ಮೊದಲನೆಯ ನಿಯಮ, ನೀರಿನೊಳಗೆ ಎಂದಿಗೂ ಉಸಿರು ಹಿಡಿಯಬಾರದು. ಕಿವಿ ನೋವಾದರೆ ಮೂಗು ಹಿಡಿದು ಮೆಲ್ಲನೆ ಊದಬೇಕು. ನೋವು ಹೋಗದಿದ್ದರೆ ಇನ್ನೂ ಕೆಳಗಿಳಿಯಕೂಡದು. ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ಬಹಳ ಮಂದಿ ತಿಳಿದಿದ್ದಾರೆ. ನಾವು ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ.

ಅನಂತರ ಒಬ್ಬೊಬ್ಬರಿಗೂ ಒಂದು ಆರೋಗ್ಯಪತ್ರವನ್ನು ಕೊಟ್ಟರು. ಹೃದ್ರೋಗ ಉಂಟೋ? ಮೂರ್ಛೆ ಉಂಟೋ? ಕಿವಿಗೆ ಶಸ್ತ್ರಚಿಕಿತ್ಸೆಯಾಗಿದೆಯೋ? ಗರ್ಭಿಣಿಯೋ? ಉಬ್ಬಸ ಉಂಟೋ? ನನಗೆ ರಕ್ತದ ಒತ್ತಡ, ಔಷಧಿ ನಡೆಯುತ್ತಿದೆ. ಅದನ್ನು ಬರೆದು, ನೀರಿನ ಮೇಲೆ ತೇಲಿಕೊಂಡು ಮುಖವಾಡದಿಂದ ನೋಡಿದರೆ ಸಾಕೆಂದು ಹೇಳಿದೆ. ನಮ್ಮ ಯಜಮಾನರು ದೋಣಿಯಲ್ಲಿ ಕುಳಿತು ಬರುವುದೇ ತಮ್ಮ ಸಾಹಸವೆಂದರು. ಹುಡುಗನ ಹತ್ತಿರ ಮುಳುಗುವ ಪರವಾನಗಿಯೇ ಇತ್ತು.

ಹುಡುಗಿಯ ಪತ್ರವನ್ನು ನಾನು ನೋಡಬೇಕೆಂದು ನೋಡಲಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಗುಮಾಸ್ತರ ಹೆಂಡತಿಯಾಗಿದ್ದವಳಿಗೆ ಸಹಿಯಾದ ಕಾಗದವನ್ನು ಒಮ್ಮೆ ಓದದೆ ಕೈಬಿಡುವ ಅಭ್ಯಾಸವಿಲ್ಲ, ಅಷ್ಟೇ. ಉಬ್ಬಸದ ಮುಂದೆ 'ಇಲ್ಲ' ಎಂದು ಗುರುತು ಹಾಕಿದ್ದಳು.

ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸವಿದೆ. ಈಗೀಗ ಬಹಳ ಕಡಮೆ. ಆದರೆ ಈಚೆಗೆ ದಸರಾ ವಸ್ತುಪ್ರದರ್ಶನದ ಧೂಳಿನಲ್ಲಿ ಅಡ್ಡಾಡಿ ಬಂದ ರಾತ್ರಿ ಅವಳ ಬೆನ್ನು ನೀವುತ್ತ ಬೆಳಗಿನ ಜಾವದ ಪರಿಯಂತ ಕುಳಿತಿದ್ದವಳು ನಾನೇ. ಎಳೆದುಕೊಳ್ಳುವ ಔಷಧಿ ಇಂದಿಗೂ ಅವಳ ಕೈಚೀಲದಲ್ಲಿರುತ್ತದೆ. ಉಬ್ಬಸದವರಿಗೆ ಶ್ವಾಸನಾಳಗಳು ಯಾವ ಕ್ಷಣದಲ್ಲಿ ಬಿಗಿಯುವುವೆಂಬುದು ತಿಳಿಯದು. ಬಿಗಿದರೆ ಗಾಳಿ ಒಳಗೇ ಸಿಕ್ಕಿಬೀಳುವುದು. ಆಗತಾನೆ ಲೋಟದಿಂದ ಕಲಿತ ಪಾಠಕ್ಕೂ ಈ 'ಇಲ್ಲ'ಕ್ಕೂ ಇರುವ ಸಂಬಂಧವನ್ನು ತಿಳಿಯಲು ನನಗೆ ವೈದ್ಯಶಾಸ್ತ್ರ ಬೇಕಾಗಲಿಲ್ಲ.

ರಾತ್ರಿ ಊಟವಾದ ಮೇಲೆ ಮೆಲ್ಲನೆ ಕೇಳಿದೆ. ಮೊದಲು ಮೌನ, ಅನಂತರ, "ಅತ್ತೆ, ಅರ್ಧ ಗಂಟೆಯ ಮಾತು. ಇದ್ದುದನ್ನು ಬರೆದರೆ ವೈದ್ಯರ ಪತ್ರ ಕೇಳುತ್ತಾರೆ. ಈಗ ಎಲ್ಲಿಂದ ತರಲಿ? ಅಣ್ಣ ಇನ್ನು ಎರಡು ವರ್ಷ ಬರುವುದಿಲ್ಲ." ಬೆಳಿಗ್ಗೆ ನೀನೇ ಹೇಳಿ ತಿದ್ದಿಸು ಎಂದೆ. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಸಮುದ್ರದ ಸದ್ದಿನ ಊರಿನಲ್ಲಿ ನಾನು ಆ ರಾತ್ರಿ ಸದ್ದನ್ನೆಲ್ಲ ಎಣಿಸಿದೆ. ಹೇಳಿದರೆ ಈ ಹುಡುಗಿ ನನ್ನಲ್ಲಿ ಇನ್ನೆಂದೂ ಮನಸ್ಸು ಬಿಚ್ಚಲಾರಳು. ಹೇಳದಿದ್ದರೆ ಬಹುಶಃ ಏನೂ ಆಗಲಾರದು. ಆ 'ಬಹುಶಃ' ಎಂಬ ಶಬ್ದ ನನ್ನನ್ನು ನಿದ್ರೆಮಾಡಗೊಡಲಿಲ್ಲ.

ಬೆಳಿಗ್ಗೆ ದೋಣಿ ಹತ್ತುವ ಮುಂಚೆ ಅವಳು ಬಾಯಿ ಬಿಡುವಳೆಂದು ಕೊನೆಯ ಗಳಿಗೆಯವರೆಗೆ ಕಾದೆ. ಬಿಡಲಿಲ್ಲ. ನಾನೇ ಉಪಾಧ್ಯಾಯರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಅವಳನ್ನು ಗದರಿಸಲಿಲ್ಲ, ನನ್ನನ್ನು ಹೊಗಳಲೂ ಇಲ್ಲ. ಪಟ್ಟಿಯಲ್ಲಿ ಅವಳ ಹೆಸರನ್ನು ಒಂದು ಸಾಲಿನಿಂದ ಹೊಡೆದು ಇನ್ನೊಂದು ಸಾಲಿನಲ್ಲಿ, ನನ್ನ ಹೆಸರಿನ ಕೆಳಗೆ, ಬರೆದರು. ಹೆಚ್ಚಿನ ಹಣವನ್ನು ಹಿಂದಕ್ಕೆ ಕೊಡುವುದಾಗಿ ಹೇಳಿದರು. ಔಷಧಿಯನ್ನು ದೋಣಿಯಲ್ಲಿ ಕೈಗೆ ಸಿಕ್ಕುವಂತೆ ಇಡಲು ಹೇಳಿದರು. ಹುಡುಗಿ ನನ್ನ ಕಡೆ ಒಮ್ಮೆ ನೋಡಿ, ದೋಣಿಯ ಆ ತುದಿಗೆ ಹೋಗಿ ಕುಳಿತಳು.

ಹೋಗುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ಈ ಪ್ರಯಾಣ. ಮಳೆಗಾಲದ ಸಮುದ್ರಕ್ಕೆ ಯಾರೂ ಇಳಿಯಲಾರರು. ಜನವರಿಯ ಸಮುದ್ರ ಸೌಮ್ಯವೆಂದು ಎಲ್ಲರೂ ಹೇಳಿದರು. ನಮ್ಮ ಯಜಮಾನರ ಹೊಟ್ಟೆಗೆ ಆ ಸುದ್ದಿ ತಲುಪಿರಲಿಲ್ಲ. ಬೆಳಗಿನ ಇಡ್ಲಿಗಳನ್ನೆಲ್ಲ ಅವರು ವರುಣನಿಗೆ ಒಪ್ಪಿಸಿದ ಮೇಲೆ ದಿಗಂತವನ್ನೇ ನೋಡುತ್ತ ಕುಳಿತಿರಲು ಬೋಟಿನವನೊಬ್ಬ ಸಲಹೆ ಕೊಟ್ಟನು. ಇದು ಒಳ್ಳೆಯ ಉಪಾಯ. ದೋಣಿಯೊಳಗಿನ ವಸ್ತುಗಳನ್ನು ನೋಡಿದಷ್ಟೂ ತಲೆ ಸುತ್ತುವುದು ಹೆಚ್ಚು. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಬಾರದು, ತೀರ ಬರಿಹೊಟ್ಟೆಯಲ್ಲಿಯೂ ಹೋಗಬಾರದು.

ದ್ವೀಪವು ಹತ್ತಿರ ಬಂದಂತೆ ಮಸುಕು ಹೋಗಿ ಹಸುರು ಬಂತು. ಸುತ್ತಲೂ ಕಡಿದಾದ ಕಪ್ಪು ಬಂಡೆ. ಮೇಲೆ ದಟ್ಟವಾದ ಕಾಡು. ಆಕಾಶದಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವುದಂತೆ. ನಮಗೆ ಕಂಡದ್ದು ಮುಸುಕು ಹೊದ್ದು ಕುಳಿತ ಮುದುಕಿಯ ಆಕಾರ. ಬಿಳಿಯ ಹೊಟ್ಟೆಯ ದೊಡ್ಡ ಹದ್ದುಗಳು ಮರಗಳ ತುದಿಯಿಂದ ಎದ್ದು, ರೆಕ್ಕೆಯನ್ನು ಆಡಿಸದೆ ನಮ್ಮ ಮೇಲೆ ಸುತ್ತುಹಾಕಿದವು. ಇವು ಕಡಲಹದ್ದುಗಳು, ಮೀನನ್ನೂ ಸಮುದ್ರದ ಹಾವನ್ನೂ ಹಿಡಿಯುತ್ತವೆ. ಮನುಷ್ಯರ ಸದ್ದಿಲ್ಲದ ಎತ್ತರದ ಮರ ಅವುಗಳ ಗೂಡಿಗೆ ಬೇಕು.

ದ್ವೀಪದ ಮೇಲೆ ಇಳಿಯಲು ಪ್ರವಾಸಿಗರಿಗೆ ಅಪ್ಪಣೆಯಿಲ್ಲ. ಮೀನುಗಾರರಿಗೆ ಅದು ಭಕ್ತಿಯ ಸ್ಥಳ. ಅಲ್ಲಿ ಜಟ್ಟಿಗನ ಸ್ಥಾನವಿದೆ, ಮುಸಲ್ಮಾನರ ಮತ್ತು ಕ್ರೈಸ್ತರ ಪೂಜಾಸ್ಥಾನಗಳ ಕುರುಹೂ ಉಂಟು ಎಂದು ಬೋಟಿನವರು ಹೇಳಿದರು. ಸಮುದ್ರದಲ್ಲಿ ಕಷ್ಟಕ್ಕೆ ಸಿಕ್ಕಿದವನು ಹರಕೆ ಹೊತ್ತು, ಬದುಕಿ ಬಂದ ಮೇಲೆ ಆಡನ್ನು ಕೊಲ್ಲದೆ ಜೀವಸಹಿತ ಅಲ್ಲಿ ಬಿಟ್ಟುಬರುವ ಪದ್ಧತಿ ಉಂಟು. ಹೀಗೆ ಬಿಟ್ಟ ಆಡುಗಳ ಸಂತಾನವೇ ಬಂಡೆಯಿಂದ ಬಂಡೆಗೆ ನೆಗೆಯುತ್ತಿರುತ್ತದೆ. ಕೊಲ್ಲದೆ ಬಿಡುವುದು ದಯೆಯ ಮಾತೇ ಸರಿ. ಆದರೆ ಆಡು ಚಿಗುರನ್ನು ಉಳಿಸುವ ಪ್ರಾಣಿಯಲ್ಲ, ಕಾಡು ಮುಂದೆ ಹುಟ್ಟುವ ಬಗೆ ಹೇಗೆಂದು ಸಸ್ಯಶಾಸ್ತ್ರಜ್ಞರು ಚಿಂತಿಸುತ್ತಾರೆ. ಇನ್ನೊಂದು ಕಡೆಯಿಂದಲೂ ಈ ದ್ವೀಪಕ್ಕೆ ಪೆಟ್ಟು ಬಿದ್ದಿದೆ. ನೌಕಾಪಡೆಯವರು ತೋಪಿನ ಗುರಿಯಭ್ಯಾಸಕ್ಕೆ ಇದನ್ನು ಬಳಸಿದ್ದುಂಟು. ಪ್ರಕೃತಿಪ್ರಿಯರು ಅದನ್ನು ಆಕ್ಷೇಪಿಸಿದರು. ದೇಶರಕ್ಷಣೆಗೆ ಅಭ್ಯಾಸ ಬೇಕು, ನಿಜ. ಗುರಿಗೆ ಹದ್ದಿನ ಗೂಡೇ ಬೇಕೆ ಎಂದು ನನ್ನಂಥವಳು ಕೇಳಿದರೆ ತಪ್ಪಾಗಲಾರದು.

ಬೋಟು ನಿಂತಿತು. ಲಂಗರು ಎಲ್ಲಿ ಬೀಳುತ್ತದೆ ಎಂದು ಹುಡುಗ ಕೇಳಿದನು. ಸಾಬಾದಿಂದ ಕಲಿತು ಬಂದ ಪ್ರಶ್ನೆ. ಮರಳಿರುವ ಕಡೆಗೇ ಎಂದು ಉತ್ತರ ಬಂತು. ಅವನು ಶಿಕ್ಷಕರ ಜೊತೆಯಲ್ಲಿ ಬೆನ್ನ ಹಿಂದಕ್ಕೆ ವಾಲಿ, ಕುಂಬಳಕಾಯಿ ಬಿದ್ದಂತೆ ನೀರಿಗೆ ಬಿದ್ದು ಮರೆಯಾದನು. ನನಗೆ ತೇಲುವ ಅಂಗಿ ತೊಡಿಸಿ, ಮೂಗು ಕಣ್ಣು ಮುಚ್ಚುವ ಗಾಜಿನ ಮುಖವಾಡ ಕಟ್ಟಿ, ಬಾಯಿಗೆ ಕೊಳವೆ ಕೊಟ್ಟು, ಏಣಿಯಿಂದ ಇಳಿಸಿದರು. ಅರುವತ್ತನೆಯ ವಯಸ್ಸಿನಲ್ಲಿ ಈ ವೇಷವನ್ನು ಲಕ್ಷ್ಮೀಪುರದವರು ಯಾರೂ ನೋಡಲಿಲ್ಲವಲ್ಲ ಎಂಬ ಸಮಾಧಾನದಿಂದ ಮುಖವನ್ನು ನೀರಿನೊಳಕ್ಕೆ ಅದ್ದಿದೆ.

ಮೊದಲು ಕಣ್ಣಿಗಿಂತ ಕಿವಿಗೆ ತಿಳಿಯಿತು. ಕಾದ ಎಣ್ಣೆಯಲ್ಲಿ ಸಾಸುವೆ ಸಿಡಿದಂತೆ ಚಟಪಟ ಚಟಪಟ ಎಂಬ ಸದ್ದು, ಎಡೆಬಿಡದೆ. ಮುಖವೆತ್ತಿದರೆ ಸದ್ದಿಲ್ಲ, ಅದ್ದಿದರೆ ಉಂಟು. ಹವಳದ ಸಂದುಗಳಲ್ಲಿ ವಾಸಿಸುವ ಒಂದು ಜಾತಿಯ ಸಿಗಡಿಗಳು ಕೊಂಡಿಯನ್ನು ಚಿಟಿಕೆ ಹೊಡೆದಂತೆ ಹೊಡೆಯುವ ಸದ್ದಂತೆ ಅದು. ಜೀವಂತವಾದ ಹವಳದ ನೆಲೆ ಎಂದಿಗೂ ನಿಶ್ಶಬ್ದವಲ್ಲ.

ಅನಂತರ ಕಣ್ಣು ಹೊಂದಿಕೊಂಡಿತು. ಕೆಳಗೆ ಬಂಡೆಗಳ ಇಳಿಜಾರು. ಅದರ ಮೇಲೆ ಮೊರದ ಹಾಗೆ, ಕೋಸುಗೆಡ್ಡೆಯ ಹಾಗೆ, ಮಿದುಳಿನ ಹಾಗೆ ಹವಳದ ಮೆದೆಗಳು. ಬಣ್ಣ ನಾನೆಣಿಸಿದಂತೆ ಕೆಂಪಲ್ಲ. ಹೆಚ್ಚಾಗಿ ಕಂದು, ಹಸುರು, ನೇರಿಳೆ. ಅಕ್ಕಸಾಲಿಗನು ಉಂಗುರಕ್ಕೆ ಕೂಡಿಸುವ ಕೆಂಪು ಹವಳದ ಜಾತಿಯೇ ಬೇರೆ, ಅದು ಬೇರೆ ಸಮುದ್ರದ್ದು. ಇಲ್ಲಿರುವುವು ಬಂಡೆ ಕಟ್ಟುವ ಹವಳಗಳು. ಪ್ರತಿಯೊಂದು ಮೆದೆಯೂ ಸಾವಿರಾರು ಸಣ್ಣ ಜೀವಿಗಳ ಒಕ್ಕಲು. ಒಂದೊಂದೂ ತನ್ನ ಸುತ್ತ ಸುಣ್ಣದ ಬಟ್ಟಲನ್ನು ಕಟ್ಟಿಕೊಂಡು ಅದರಲ್ಲಿ ಕುಳಿತಿರುತ್ತದೆ. ಅವುಗಳ ಮೈಯೊಳಗೆ ಪಾಚಿಯ ಜಾತಿಯ ಸೂಕ್ಷ್ಮಸಸ್ಯಗಳು ಬಾಡಿಗೆಗಿವೆ. ಬಿಸಿಲಿನಿಂದ ಅಡುಗೆ ಮಾಡಿ ಒಡೆಯನಿಗೆ ಬಡಿಸುವುದೇ ಆ ಬಾಡಿಗೆ. ಬಣ್ಣವೂ ಬಹುಮಟ್ಟಿಗೆ ಅವುಗಳದೇ. ನೀರು ಒಂದೆರಡು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೆಯೇ ನಿಂತರೆ ಹವಳವು ಈ ಬಾಡಿಗೆದಾರರನ್ನು ಹೊರಗಟ್ಟಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಬದುಕೀತು. ಇಲ್ಲವಾದರೆ ಹಸಿದು ಸಾಯುತ್ತದೆ. 1998ರಲ್ಲಿ ಲೋಕದ ಸಮುದ್ರಗಳಲ್ಲೆಲ್ಲ ಹೀಗಾಯಿತು. 2010ರಲ್ಲಿ ಮತ್ತೊಮ್ಮೆ, 2014ರಿಂದ 2017ರವರೆಗೆ ಮಗುದೊಮ್ಮೆ, 2023ರಿಂದ ನಾಲ್ಕನೆಯ ಸಲ. ಕೆರಿಬಿಯನ್ ಸಮುದ್ರಕ್ಕೂ ಈ ತಾಪ ತಪ್ಪಲಿಲ್ಲ. ಸಾಬಾದ ಕಾವಲುಗಾರರು ಲಂಗರನ್ನು ತಡೆಯಬಲ್ಲರು, ಬಿಸಿಯನ್ನು ತಡೆಯಲಾರರು.

ಗಿಳಿಯ ಕೊಕ್ಕಿನಂತಹ ಬಾಯಿಯ ಹಸುರುಮೀನೊಂದು ಹವಳವನ್ನು ಕಟಕಟನೆ ಕಚ್ಚಿ, ಅದನ್ನು ಅರೆದು ಮರಳು ಮಾಡಿ ಹಿಂದೆ ಚೆಲ್ಲುತ್ತ ಹೋಯಿತು. ಹಳದಿಯ ಮೇಲೆ ಕಪ್ಪು ಪಟ್ಟೆಯ ಚಿಕ್ಕ ಮೀನುಗಳ ಗುಂಪೊಂದು ನನ್ನನ್ನು ಯಾವುದೋ ತೇಲುಬಂಡೆಯೆಂದು ತಿಳಿದು ನನ್ನ ನೆರಳಿನಲ್ಲಿ ನಿಂತಿತು. ಹೇಳಿಕೊಳ್ಳಲಾಗದ ಒಂದು ಹೆಮ್ಮೆ ನನಗಾಯಿತು.

ಆಗ ನನ್ನ ಬಲಗಡೆ ಯಾರೋ ಇಳಿದಂತಾಯಿತು. ಹುಡುಗಿಯೇ. ದೋಣಿಯಲ್ಲೇ ಕುಳಿತಿರುವೆನೆಂದು ಹಟ ಹಿಡಿದಿದ್ದವಳು ಯಾವ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದಳೋ! ಮಾತನಾಡಲು ಬಾಯಿಯಲ್ಲಿ ಕೊಳವೆ. ಹಾಗಾಗಿ ಮುನಿಸಿಗೂ ಅವಕಾಶವಿಲ್ಲ, ಸಮಾಧಾನಕ್ಕೂ ಅವಕಾಶವಿಲ್ಲ. ಇಬ್ಬರೂ ಮುಖ ಕೆಳಗೆ ಮಾಡಿ ತೇಲಿದೆವು. ಬಹಳ ಕೆಳಗೆ, ನೀಲಿಯ ಅಂಚಿನಲ್ಲಿ, ಅವಳ ಅಣ್ಣ ಒಂದು ಬೆರಳುದ್ದವಾಗಿ ಕಾಣಿಸಿದನು. ಅವನ ಉಸಿರಿನ ಗುಳ್ಳೆಗಳು ಸಣ್ಣಗೆ ಹೊರಟು, ಮೇಲೆ ಬಂದಂತೆ ಹಿಗ್ಗುತ್ತ, ಬೆಳ್ಳಿಯ ತಟ್ಟೆಗಳಷ್ಟಾಗಿ ನಮ್ಮ ಮುಖದ ಮುಂದೆಯೇ ಒಡೆದುಹೋಗುತ್ತಿದ್ದವು. ಲೋಟದ ಪಾಠವನ್ನು ಅವಳೂ ನೆನೆದಿರಬೇಕು. ಅವಳು ಆ ಗುಳ್ಳೆಗಳನ್ನು ಬಹಳ ಹೊತ್ತು ನೋಡಿದಳು. ಒಂದು ಸಲ, ಬಂಡೆಯ ಕೆಳಗಿನಿಂದ ಕಡಲಾಮೆಯೊಂದು ಹೊರಬಂದಾಗ, ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಆ ಕಡೆಗೆ ತಿರುಗಿಸಿದಳು. ಹಿಡಿದ ಕೈಯನ್ನು ಬಿಡಲು ಮರೆತಳೋ ಏನೋ.

ಹಿಂದಿರುಗುವಾಗ ದೋಣಿಯಲ್ಲಿದ್ದ ಬೇರೆ ಊರಿನ ಬಾಲಕನೊಬ್ಬ ಮುರಿದ ಹವಳದ ಕೊಂಬೆಯೊಂದನ್ನು ಚೀಲದಿಂದ ತೆಗೆದು ತಾಯಿಗೆ ತೋರಿಸಿದನು. ಬಂಡೆ ಕಟ್ಟುವ ಹವಳಗಳು ಹುಲಿಯಷ್ಟೇ ಬಲವಾದ ಕಾನೂನಿನ ರಕ್ಷಣೆಯಲ್ಲಿವೆ, 2001ರಲ್ಲಿ ಅವನ್ನು ವನ್ಯಜೀವಿ ಶಾಸನದ ಮೊದಲನೆಯ ಪಟ್ಟಿಗೆ ಸೇರಿಸಿದ್ದಾರೆ ಎಂದು ಬೋಟಿನವರು ಮೃದುವಾಗಿ ಹೇಳಿ, ಅದನ್ನು ನೀರಿಗೆ ಹಾಕಿಸಿದರು. ಸತ್ತದ್ದೇ ತಾನೆ ಎಂದು ತಾಯಿ ವಾದಿಸಿದರು. ಸತ್ತ ಹವಳದ ಮೇಲೆಯೇ ಹೊಸ ಹವಳದ ಮರಿ ನೆಲೆಯೂರುವುದೆಂಬುದು ಅವರಿಗೆ ತಿಳಿದಿರಲಾರದು. ಹಿಂದಿನ ದಿನದವರೆಗೆ ನನಗೂ ತಿಳಿದಿರಲಿಲ್ಲ. ನನಗೆ ನಮ್ಮ ಹಜಾರದ ಗೂಡು ನೆನಪಾಗಿ, ನಾನು ಆ ವಾದದಲ್ಲಿ ಸೇರಲಿಲ್ಲ. ನೀರಿನ ಖಾಲಿ ಬಾಟಲಿಯೊಂದು ಗಾಳಿಗೆ ಉರುಳಿ ಸಮುದ್ರಕ್ಕೆ ಬೀಳುವುದರಲ್ಲಿತ್ತು. ನಮ್ಮ ಯಜಮಾನರು, ಅಷ್ಟು ಬಳಲಿಕೆಯಲ್ಲಿಯೂ, ಅದನ್ನು ಕಾಲಿನಿಂದ ಒತ್ತಿ ಹಿಡಿದರು. ಆ ದಿನ ಅವರು ಮಾಡಿದ ಪುಣ್ಯಕಾರ್ಯ ಅದೊಂದು.

ಹುಡುಗಿ ದಡ ಸೇರುವವರೆಗೂ ನನ್ನೊಡನೆ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಸಾರನ್ನು ಬಡಿಸುತ್ತ, "ಹೇಳುವುದಿದ್ದರೆ ನನ್ನನ್ನೂ ಜೊತೆಗೆ ಕರೆದು ಹೇಳಬಹುದಾಗಿತ್ತು, ಅತ್ತೆ" ಎಂದಳು. ಅದು ನ್ಯಾಯವಾದ ಮಾತು. ನಾನು ಹೇಳಿದ್ದು ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಬೆನ್ನ ಹಿಂದೆ ಹೇಳಿದ್ದು ತಪ್ಪು. ಹಾಗೆಂದು ಒಪ್ಪಿಕೊಂಡೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಮೈಸೂರಿಗೆ ಬಂದ ವಾರದಲ್ಲಿ ಅವಳು ತಾನಾಗಿಯೇ ಶ್ವಾಸಕೋಶದ ವೈದ್ಯರಲ್ಲಿಗೆ ಹೋಗಿ, ಕೊಳವೆಯಲ್ಲಿ ಊದಿ ಪರೀಕ್ಷೆ ಮಾಡಿಸಿಕೊಂಡಳು. ಉಬ್ಬಸ ಚೆನ್ನಾಗಿ ಹತೋಟಿಯಲ್ಲಿರುವ ಕೆಲವರಿಗೆ ಪರೀಕ್ಷೆಯ ಬಳಿಕ ವೈದ್ಯರು ಅನುಮತಿ ಕೊಡುವುದುಂಟು. ಅವಳಿಗೆ ಆರು ತಿಂಗಳು ಔಷಧಿ ನಿಯಮವಾಗಿ ತೆಗೆದುಕೊಂಡು ಮತ್ತೆ ಬರಲು ಹೇಳಿದ್ದಾರೆ. ಹಾಳೆಯನ್ನು ಅಡುಗೆಯ ಮನೆಯ ಪಂಚಾಂಗದ ಪಕ್ಕದಲ್ಲಿ, ನನ್ನ ಕಣ್ಣಿಗೆ ಬೀಳುವಂತೆಯೇ, ಅಂಟಿಸಿದ್ದಾಳೆ.

ನಿನ್ನೆ, ನವರಾತ್ರಿಗೆ ಇನ್ನೂ ಎಷ್ಟೋ ತಿಂಗಳಿರುವಾಗಲೇ, ಗೂಡಿನಿಂದ ಆ ಬಿಳಿಯ ಹವಳವನ್ನು ಕೆಳಗಿಳಿಸಿ ತೊಳೆದು ಬಿಸಿಲಿಗಿಟ್ಟೆ. ಹುಡುಗಿ ತನ್ನ ಅಜ್ಜನ ಓದುವ ಗಾಜನ್ನು ತಂದಳು. ಗಾಜಿನ ಕೆಳಗೆ ನೋಡಿದರೆ ಮೈತುಂಬ ಸಣ್ಣ ಸಣ್ಣ ಬಟ್ಟಲುಗಳು. ಒಂದೊಂದರೊಳಗೂ ಚಕ್ಕುಲಿಯ ಬಿಲ್ಲೆಯ ನಕ್ಷತ್ರದಂತೆ ನವುರಾದ ಗೆರೆಗಳು. ಅವಳು ಒಂದು ಮೂಲೆಯ ಬಟ್ಟಲುಗಳನ್ನು ಎಣಿಸತೊಡಗಿದಳು. ಇನ್ನೂರ ಮೂವತ್ತರವರೆಗೆ ಎಣಿಸಿದಳು, ಅಷ್ಟರಲ್ಲಿ ಹಾಲು ಉಕ್ಕಿತು.